ಹಗ್ಗದ ನಡುವಿನ ಜಾಗ

ಬೋಟಿನಲ್ಲಿ ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಬಲಗೈಯ ನಡುಬೆರಳು ಜಜ್ಜಿಹೋದ ಮೇಲೆ ರೋಹಿತ ಬೋಟಿನ ಕೆಲಸ ಬಿಟ್ಟ, ಬೇಸ್ ಗಿಟಾರ್ ಬಿಡಲಿಲ್ಲ. ಬೇಸ್ ನುಡಿಸುವವನಿಗೆ ತೋರುಬೆರಳು, ನಡುಬೆರಳು ಎರಡು ಕಾಲಿದ್ದ ಹಾಗೆ. ಒಂದಾದ ಮೇಲೊಂದು ಹೆಜ್ಜೆ ಹಾಕಬೇಕು. ಅವನದು ಕುಂಟತೊಡಗಿತು. ಒಂದು ಪೆಟ್ಟು ಧುಂ ಎಂದರೆ ಮರುಪೆಟ್ಟು ಆಂಪ್ಲಿಫೈಯರಿನಿಂದ ಹೊರಗೇ ಬರುತ್ತಿರಲಿಲ್ಲ. ಕೊನೆಗೆ ಹುಬ್ಬಳ್ಳಿಯಿಂದ ಒಂದು ಕಂಪ್ರೆಸರ್ ತರಿಸಿದ. ಅಂಗೈಯಗಲದ ನೀಲಿ ಡಬ್ಬಿ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಸಿಕ್ಕಿಸಿ ಕಾಲಲ್ಲಿ ಒತ್ತಿದರೆ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಜೋರು ಪೆಟ್ಟನ್ನು ಅದು ಅದುಮುತ್ತಿತ್ತು, ಸೋತ ಪೆಟ್ಟನ್ನು ಎತ್ತಿ ಹಿಡಿಯುತ್ತಿತ್ತು. ಕೇಳುವವರಿಗೆ ಎರಡೂ ಬೆರಳು ಒಂದೇ.

ಯಾರಿಗೂ ಹೇಳದೆ ಇದ್ದಿದ್ದರೆ ಆಗುತ್ತಿತ್ತು. ಆದರೆ ಕಾರವಾರದ ಪ್ರಾಕ್ಟೀಸ್ ಕೋಣೆಯಲ್ಲಿ ಅವನು ನುಡಿಸುತ್ತಿದ್ದ ಆರ್ಕೆಸ್ಟ್ರಾದ ಯಜಮಾನ ಕಿಶನ, "ಎಂತದಾ ಅದು?" ಎಂದು ಕೇಳಿದಾಗ ರೋಹಿತನಿಗೆ ಉಮೇದು ಬಂತು.

"ನಮ್ಮ ಬೆಳಂಬಾರದಲ್ಲಿ ಏಂಡಿ ಬಲೆ ದಡಕ್ಕೆ ಎಳೀತ್ರಲ್ಲ, ಆಗ ಕೈ ಸೋತವ್ರನ್ನ ಹಗ್ಗದ ನಡೂಗೆ ನಿಲ್ಸ್ತ್ರು. ಮುಂದೊಬ್ಬ ಗಟ್ಟಿಯವ, ಹಿಂದೊಬ್ಬ ಗಟ್ಟಿಯವ. ಯಾರು ಎಳದ್ರು, ಯಾರು ಎಳೀಲಿಲ್ಲ ಅಂತ ಬಲೆಗೆ ಗೊತ್ತಾಗೂದಿಲ್ಲ. ಈ ಡಬ್ಬಿ ಹಂಗೇ."

"ಹಂಗಾರೆ ಕೈ ಸೋತದೆ ಅನ್ನು ಮಾರಾಯಾ," ಎಂದು ಕಿಶನ ನಕ್ಕ. ರೋಹಿತನೂ ನಕ್ಕ.

ಹಗ್ಗದ ನಡು ಅಂದರೆ ಏನೆಂದು ಅವನಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅಪ್ಪ ತುಳಸಿದಾಸನನ್ನು ಅಲ್ಲಿಗೆ ಕಳಿಸಿದವನು ಅವನೇ. ಅಪ್ಪ ಎಂದಿನಂತೆ ಹಗ್ಗದ ಮುಂದಿನ ತುದಿಗೆ ಬಂದಾಗ, "ಅಪ್ಪಾ, ನೀ ನಡೂಗೆ ಹೋಗು. ನೀ ಎಳದ್ರೂ ಅಷ್ಟೇ, ಬಿಟ್ರೂ ಅಷ್ಟೇ," ಎಂದು ಕೂಗಿದ್ದ. ದಡವೆಲ್ಲ ನಕ್ಕಿತ್ತು. ತುಳಸಿದಾಸ ತಲೆಯ ಟವೆಲು ಬಿಚ್ಚಿ ಮತ್ತೆ ಕಟ್ಟಿಕೊಂಡು ನಡುವಿಗೆ ಹೋಗಿ ನಿಂತಿದ್ದ.

ಮಳೆಗಾಲ ಮುಗಿಯುತ್ತಿದ್ದಂತೆ ದೇವಬಾಗದ ರೆಸಾರ್ಟೊಂದರಲ್ಲಿ ಇಡೀ ಸೀಜನ್ ಹಾಡುವ ಕೆಲಸ ಬಂತು. ವೇದಿಕೆ ಸಣ್ಣದು, ನಾಲ್ಕೇ ಜನ ಎಂದಿದ್ದರು, ಇವರು ಐವರು. ಆ ನಾಲ್ವರಲ್ಲಿ ಸೇರದಿದ್ದರೆ ತನಗೆ ಉಳಿಯುವುದು ಹಗ್ಗವೇ ಎಂದು ರೋಹಿತನಿಗೆ ಗೊತ್ತಿತ್ತು. ಬೇಸನ್ನು ತನ್ನ ಕೀಬೋರ್ಡಿನ ಎಡಗೈಯಲ್ಲೇ ಮುಗಿಸಬಹುದೆಂದು ಕಿಶನ ಆಗಲೇ ನಿಶ್ಚಯಿಸಿಬಿಟ್ಟಿದ್ದ. ಅದನ್ನು ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ. ರೆಸಾರ್ಟಿನ ಮ್ಯಾನೇಜರು ಹಾಡು ಕೇಳಿ ನೋಡುವ ದಿನ ರೋಹಿತನನ್ನೂ ಕರೆದ.

ಎರಡು ಹಾಡು ಸಲೀಸಾಗಿ ಹೋದವು. ಮ್ಯಾನೇಜರು ಕುರ್ಚಿಯಲ್ಲೇ ಕಾಲು ಕುಣಿಸುತ್ತಿದ್ದರು.

"ಸರ್, ಈಗೊಂದು ಮಜಾ ಕೇಳಿ," ಎಂದು ಕಿಶನ ಕೀಬೋರ್ಡು ಬಿಟ್ಟು ಬಂದು, ಚಪ್ಪಲಿಯ ತುದಿಯಿಂದ ನೀಲಿ ಡಬ್ಬಿಯನ್ನು ಒತ್ತಿದ. ಕೆಂಪು ದೀಪ ಆರಿತು. "ಬಾರ್ಸಾ."

"ಎಂತಕ್ಕೆ ಕಿಶನಣ್ಣಾ?"

"ಬಾರ್ಸು ಅಂದ್ರೆ ಬಾರ್ಸು."

ಮೊದಲ ಪೆಟ್ಟಿಗೆ ಮೇಜಿನ ಮೇಲಿನ ಗ್ಲಾಸು ನಡುಗಿತು. ಎರಡನೆಯದು ಯಾರಿಗೂ ಕೇಳಲಿಲ್ಲ. ಸೋತ ಬೆರಳಿಗೆ ಬಲ ಹಾಕಿದ. ತಂತಿ ಕಟ್ಟಿಗೆಗೆ ಬಡಿದು ಕಟಕ್ಕೆಂದಿತು. ಡ್ರಮ್ಸಿನವನು ತಲೆ ತಗ್ಗಿಸಿದ.

"ಡಬ್ಬಿ ಇದ್ದಾಗ ಚೆನ್ನಾಗೇ ಇತ್ತಲ್ಲ, ಇಟ್ಟುಕೊಳ್ಳಲಿ ಬಿಡಿ," ಎಂದರು ಮ್ಯಾನೇಜರು.

"ಚಲೋನೇ ಇತ್ತು ಸರ್. ಆದ್ರೆ ಬಾರ್ಸೂದು ಡಬ್ಬಿ, ಊಟಕ್ಕೆ ಬರೂದು ಇವ. ಕೈ ತೋರ್ಸಾ ಸಾಹೇಬ್ರಿಗೆ." ರೋಹಿತ ಯೋಚಿಸುವ ಮೊದಲೇ ಕೈ ಮುಂದೆ ಚಾಚಿದ್ದ. "ಇವ್ನೇ ಹೇಳಿದ್ದು ಸರ್, ಕೈ ಸೋತವ್ರನ್ನ ನಡೂಗೆ ನಿಲ್ಸೂದು ಇವ್ರೂರ ಪದ್ಧತಿ ಅಂತ. ನಿಮ್ಮ ಸ್ಟೇಜಲ್ಲಿ ನಡೂ ಜಾಗ ಎಲ್ಲಿ ಅದೆ?"

ಮ್ಯಾನೇಜರಿಗೆ ನಗು ಬಂತು. ನಕ್ಕ ಮೇಲೆ ಮತ್ತೆ ಮಾತು ಬೇಕಾಗಲಿಲ್ಲ. ಚಾಚಿದ ಕೈಯನ್ನು ಕೆಳಗಿಳಿಸು ಎಂದೂ ಯಾರೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಬೆಳಂಬಾರದಲ್ಲಿ ಬಲೆ ಬಿಟ್ಟಿದ್ದರು. ಸುದ್ದಿ ರೋಹಿತನಿಗಿಂತ ಮೊದಲೇ ಊರು ಮುಟ್ಟಿತ್ತು. ಡ್ರಮ್ಸಿನವನ ಹೆಂಡತಿಯ ತವರು ಇಲ್ಲೇ. ರೋಹಿತ ಎಂದಿನಂತೆ ಮುಂದಿನ ತುದಿಗೆ ಹೋಗಿ ಹಗ್ಗಕ್ಕೆ ಕೈ ಹಾಕಿದ.

"ಏ ರೋಹಿತಾ!" ತುಳಸಿದಾಸನ ದನಿ ದಡದುದ್ದಕ್ಕೂ ಕೇಳಿತು. "ಅಲ್ಲೆಂತ ಮಾಡ್ತೆ? ನಡೂಗೆ ಬಾ. ನನ್ನ ಹಿಂದೆ ಜಾಗ ಅದೆ."

ಮೀನಿಗೆ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಮೊದಲು ನಕ್ಕರು. "ಡಬ್ಬಿ ತರ್ಲಿಲ್ವನಾ?" ಎಂದಳು ಅವರಲ್ಲೊಬ್ಬಳು, ಗೋದಾವರಿ. ಆಮೇಲೆ ಗಂಡಸರೂ ನಕ್ಕರು.

ರೋಹಿತ ಬಂದು ಅಪ್ಪನ ಹಿಂದೆ ನಿಂತ. ಹಗ್ಗ ಬಿಗಿಯಾಯಿತು, ಸಾಲು ಹಿಂದಕ್ಕೆ ಹೆಜ್ಜೆ ಹಾಕತೊಡಗಿತು. ಅಪ್ಪನ ಕೈ ಅವನಿಗೆ ಹತ್ತಿರದಿಂದ ಕಂಡಿತು. ಮುಷ್ಟಿ ಮುಚ್ಚಿರಲೇ ಇಲ್ಲ; ಅಂಗೈ ಹಗ್ಗದ ಮೇಲೆ ಸುಮ್ಮನೆ ಕೂತಿತ್ತು.

"ಎಳೀತಿಲ್ವಾ ಅಪ್ಪಾ?" ಎಂದು ಮೆಲ್ಲಗೆ ಕೇಳಿದ.

"ಎರಡು ವರ್ಷ ಆಯ್ತು," ಎಂದ ತುಳಸಿದಾಸ, ತಿರುಗದೆ. "ಯಾರೂ ಕೇಳಲಿಲ್ಲ. ನೀನೂ ಬಿಟ್ಟು ನೋಡು."

ರೋಹಿತ ಇನ್ನಷ್ಟು ಬಿಗಿಯಾಗಿ ಹಿಡಿದು ಹತ್ತು ಹೆಜ್ಜೆ ಎಳೆದ. ಜಜ್ಜಿದ ಬೆರಳು ಉರಿಯಿತು. ಆಮೇಲೆ ಎರಡೂ ಮುಷ್ಟಿ ಸಡಿಲಿಸಿದ.

ಹಗ್ಗ ಅದೇ ಗತಿಯಲ್ಲಿ ಬರುತ್ತಲೇ ಇತ್ತು.