ಕೋಲಾ ಬೀಜಕ್ಕೆ ಇಂಗ್ಲಿಷ್ ಬರೋದಿಲ್ಲ

ನಮ್ಮ ಇಗ್ಬೋ ಜನ ಬೇರೆ ದೇಶ ಬೇಕೆಂದು ಹೂಡಿ ಸೋತ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಬ್ಯಾಂಡೇಜು ಬಿಚ್ಚಿದ ಕೈಗಳಲ್ಲೇ ನಾವು ಆಬಾ ಪೇಟೆಯಲ್ಲಿ ಬ್ಯಾಂಡು ಕಟ್ಟಿದ್ದೆವು. ನಾನು ಡ್ರಮ್ಮು, ಇನ್ನೊಬ್ಬ ಕಹಳೆ. ಇಹೆಜಿರಿಕಾ ಗಿಟಾರು, ಹಾಡು ಮತ್ತು ಸಿಟ್ಟು.

ಲೇಗೋಸಿನ ರೆಕಾರ್ಡ್ ಕಂಪನಿಯಿಂದ ಶೋಲಾರಿನ್ ಟೇಪು ಯಂತ್ರ ಹೊತ್ತು ಬಂದಿದ್ದ. ಆತ ಯೊರುಬಾ ಜನದವನು, ನಮ್ಮ ಇಗ್ಬೋ ಮಾತು ಒಂದಕ್ಷರ ಬಾರದು. ಇಹೆಜಿರಿಕಾನ ಆಸೆ ಒಂದೇ: ರೆಕಾರ್ಡಿನ ಮೊದಲ ಹಾಡು ತನ್ನ ‘ಗೆದ್ದಿದ್ಯಾರು?’ ಆಗಬೇಕು. ಗುಂಡಿನ ಮುಂದೆ ನಿಂತವನು ಹಾಡಿನಲ್ಲಾದರೂ ಮುಂದಿರಬೇಡವೇ?

“ಯುದ್ಧದ ಗೋಳು ಮೊದಲೇ ಹಾಕಿದ್ರೆ ಯಾರಯ್ಯ ಕುಣೀತಾರೆ?” ಅಂದ ಶೋಲಾರಿನ್. “ಖುಷಿಯಾಗಿರೋದು ಮೊದಲು. ನಿಂದು ಕೊನೇಲಿ.”

“ಹೊಟ್ಟೆ ಉರೀತಿದೆ, ಓಗಾ,” ಅಂದ ಇಹೆಜಿರಿಕಾ. ಓಗಾ ಅಂದರೆ ನಮ್ಮಲ್ಲಿ ಧಣಿ.

“ಹಾಗಾದ್ರೆ ನೀರು ಕುಡಿ. ಹಾಡಬೇಡ.”

ಅಷ್ಟರಲ್ಲಿ ನಾವು ರೆಕಾರ್ಡಿಂಗಿಗೆ ಸೇರಿದ್ದ ಕುಣಿತದ ಹಾಲ್‌ನ ಮಾಲೀಕರು, ನಾವೆಲ್ಲ ದೇದೆ ಎಂದು ಕರೆಯುವ ಹಿರಿಯಣ್ಣ ಒಕ್ವಾರಾ, ಕೋಲಾ ಬೀಜದ ತಟ್ಟೆ ಹಿಡಿದು ಬಂದರು. ಬೀಜ ಹರಸಿ ಮುರಿಯದೆ ನಮ್ಮಲ್ಲಿ ಜಗಳ ಕೂಡ ಶುರುವಾಗುವುದಿಲ್ಲ.

“ಇಂಗ್ಲಿಷಲ್ಲಿ ಬೇಗ ಮುಗಿಸಿಬಿಡಿ, ಹಿರಿಯರೇ,” ಅಂದ ಶೋಲಾರಿನ್.

“ಕೋಲಾ ಬೀಜಕ್ಕೆ ಇಂಗ್ಲಿಷ್ ಬರಲ್ಲಪ್ಪ. ಅದು ಸ್ಕೂಲಿಗೆ ಹೋಗಿಲ್ಲ,” ಎಂದು ದೇದೆ ಮೈಕಿನ ಮುಂದೆ ನಿಂತು ಇಗ್ಬೋದಲ್ಲಿ ಶುರುಮಾಡಿದರು. ಪರೀಕ್ಷೆಗೆಂದು ಯಂತ್ರ ಓಡುತ್ತಲೇ ಇತ್ತು.

“ದೇವರೇ, ಮಕ್ಕಳಿಗೆ ಆಯಸ್ಸು ಕೊಡು!”

“ಈಸೇ!” ಅಂದೆವು. ಪ್ರತಿ ಸಾಲಿಗೂ ಹಾಗೇ ಆಗಲಿ ಎನ್ನಲೇಬೇಕು. ನನ್ನ ಡ್ರಮ್ಮೂ ಧಪ್ ಅಂದಿತು.

“ಗೆದ್ದೋರೂ ಇಲ್ಲ ಸೋತೋರೂ ಇಲ್ಲ ಅಂತ ಸರ್ಕಾರದೋರು ಅಂದ್ರಲ್ಲ, ಹಾಗಾದ್ರೆ ನನ್ನ ಮನೆ ಬಾಗಿಲು ಹೊತ್ಕೊಂಡು ಹೋದೋನ್ಯಾರು ತೋರ್ಸು!”

“ಈಸೇ!” ಧಪ್.

“ಅವನ ಮನೇಲಿ ಅದು ಮುಚ್ಚೋಕೂ ಬರದೆ, ತೆಗೆಯೋಕೂ ಬರದೆ ಕಿರುಗುಟ್ಲಿ!”

“ಈಸೇ!” ಧಪ್ ಧಪ್.

“ನನ್ನ ಮೇಕೇನ ಆ ಸೈನ್ಯ ಅರ್ಧ ತಿಂತು, ನಮ್ಮ ಸೈನ್ಯ ಅರ್ಧ ತಿಂತು. ಎರಡೂ ಹೊಟ್ಟೇಲಿ ಅದು ಎದ್ದು ಒದೀಲಿ!”

“ಈಸೇ!” ಈ ಸಲ ಕಹಳೆಯೂ ಸೇರಿತು.

ಶೋಲಾರಿನ್ ಸೊಂಟ ತಿರುಗಿಸಿ ಕುಣಿಯುತ್ತಿದ್ದ. “ಇದೇ ಕಣ್ರೋ ಮೊದಲನೇ ಹಾಡು! ಎಂಥಾ ಖುಷಿ! ಅರ್ಥ ಏನು?”

ನಾವೆಲ್ಲ ಇಹೆಜಿರಿಕಾನ ಮುಖ ನೋಡಿದೆವು. ನಿಜ ಹೇಳಿದರೆ ಇದೂ ಯುದ್ಧದ ಗೋಳೇ ಎಂದು ಶೋಲಾರಿನ್ ಟೇಪು ಅಳಿಸುತ್ತಾನೆ. ಸುಳ್ಳು ಹೇಳಿದರೆ ಅವನ ಹಾಡು ಹಿಂದೆ ಬೀಳುತ್ತದೆ. ಅವನು ಶೋಲಾರಿನ್ ಕಡೆ ತಿರುಗಿದ.

“ಮದುವೆ ಹಾಡು, ಓಗಾ. ಹೊಸ ಮನೆ, ಬಾಗಿಲು, ಮೇಕೆ ಊಟ… ಎಲ್ಲಾ ಬರುತ್ತೆ.”

“ಭೇಷ್! ನಿಂದು ಕೊನೇಲಿ. ಬೇಜಾರಿಲ್ಲ ತಾನೆ?”

“ಬೇಜಾರಿರೋದನ್ನೆಲ್ಲ ಅವ್ರೇ ಹಾಡಿಬಿಟ್ರು,” ಎಂದವನೇ ಗಿಟಾರು ಹೆಗಲಿಗೇರಿಸಿದ. “ದೇದೆ, ಇನ್ನೊಂದ್ಸಲ ಹೇಳಿ, ನಾನೂ ನುಡಿಸ್ತೀನಿ. ಚೆಕ್‌ಪೋಸ್ಟಲ್ಲಿ ಕಿತ್ಕೊಂಡ ನನ್ನ ಸೈಕಲ್ಲಿಗೂ ಒಂದು ಸಾಲು ಸೇರಿಸಿ.”

ದೇದೆ ಗಂಭೀರವಾಗಿ ಕೇಳಿದರು: “ಯಾವ ಬಣ್ಣ ಮಗಾ? ದೇವರಿಗೆ ಅಂದಾಜಲ್ಲಿ ಹೇಳಬಾರದು.”