ಮೂಲೆ ಹರಿದ ಲಕೋಟೆ

ಧಾರವಾಡದ ಮಾಳಮಡ್ಡಿಯ ಬಿಂದುಮಾಧವರಾಯರು ಮೂವತ್ತೊಂದು ವರ್ಷ ಸಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು. ಕಾಪಿ ಮಾಡುವ ಹುಡುಗನನ್ನು ಮುಖ ನೋಡದೆ, ಬರೀ ಬೆನ್ನು ನೋಡಿ ಹಿಡಿಯುತ್ತಿದ್ದರೆಂದು ಊರಲ್ಲಿ ಹೆಸರಿತ್ತು. ನಿವೃತ್ತರಾದ ಮೇಲೆ ಹಿಡಿಯಲು ಹುಡುಗರು ಉಳಿಯಲಿಲ್ಲ, ಆ ಕಣ್ಣು ಮಾತ್ರ ಉಳಿದಿತ್ತು.

ಸ್ವಾತಂತ್ರ್ಯ ಬಂದ ಎರಡನೆಯ ವರ್ಷ ಅದು. ಹೊರದೇಶಗಳಲ್ಲಿ ನಮ್ಮ ರಾಯಭಾರ ಕಚೇರಿಗಳು ಒಂದೊಂದಾಗಿ ಏಳುತ್ತಿದ್ದವು. ಅಂಥ ಕೆಲಸಕ್ಕೆ ಹುಡುಗರನ್ನು ತಯಾರು ಮಾಡಬೇಕೆಂದು ದಿಲ್ಲಿಯ ಒಂದು ಸಂಸ್ಥೆಯವರು ಶಿಷ್ಯವೃತ್ತಿ ಇಟ್ಟಿದ್ದರು. ಎರಡು ವರ್ಷ ಲಂಡನ್ನಿನಲ್ಲಿ ಓದು. ಇಡೀ ದೇಶಕ್ಕೆ ಎಂಟೇ ಜನ. ರಾಯರ ಒಬ್ಬನೇ ಮಗ ರಮಾಕಾಂತ ಅದಕ್ಕೆ ನವರಾತ್ರಿಯ ಹೊತ್ತಿಗೆ ಅರ್ಜಿ ಹಾಕಿದ್ದನು. ಅರ್ಜಿಯ ಜೊತೆಗೆ ತನ್ನ ವಿಳಾಸ ಬರೆದು ಟಿಕೀಟು ಹಚ್ಚಿದ ಒಂದು ಲಕೋಟೆಯನ್ನೂ ಇಡಬೇಕಾಗಿತ್ತು, ಉತ್ತರ ಅದರಲ್ಲಿಯೇ ಬರುವುದು. ಅವನ ತಾಯಿ ಇಂದೂಬಾಯಿ ಅರಿಷಿಣವನ್ನು ನೀರಲ್ಲಿ ಕಲಸಿ ತಂದು, ಶುಭಕಾರ್ಯದ ಪತ್ರಕ್ಕೆ ಹಚ್ಚುವ ಹಾಗೆ, ಆ ಲಕೋಟೆಯ ಮೂಲೆಗೆ ದಪ್ಪಗೆ ಹಚ್ಚಿದರು.

"ಅವ್ವಾ, ದಿಲ್ಲಿಯವರು ನಗತಾರ," ಎಂದನು ರಮಾಕಾಂತ.

"ನಗಲಿ ಬಿಡು. ನಕ್ಕೋತನ ಕೊಡಲಿ," ಎಂದರು ಅವರು.

ಟಪಾಲು ಹೋಗುವ ಹೊತ್ತಾಗಿತ್ತು. ಹಸಿಯಿದ್ದಾಗಲೇ ರಮಾಕಾಂತ ಅರ್ಜಿಯ ಹಾಳೆಗಳ ನಡುವೆ ಅದನ್ನಿಟ್ಟು ಕಳಿಸಿದನು.

ಕಾರ್ತಿಕ ಬಹುಳ ಪಂಚಮಿಯ ದಿನ ಇಂದೂಬಾಯಿ ಆರು ದಿನದ ಜ್ವರದಲ್ಲಿ ಹರಿಪಾದ ಸೇರಿದರು. ಕೇಶ ತೆಗೆಸಿದ ತಲೆ ಇನ್ನೂ ಸರಿಯಾಗಿ ಬೆಳೆಯದೆ ಇದ್ದಾಗ, ಟೊಪ್ಪಿಗೆ ಹಾಕಿಕೊಂಡು, ರಮಾಕಾಂತ ಮುಂಬಯಿಗೆ ಸಂದರ್ಶನಕ್ಕೆ ಹೋಗಿ ಬಂದನು. ಫೆಬ್ರುವರಿಯ ಮೊದಲ ವಾರದಲ್ಲಿ ಪತ್ರ ಬರುವುದೆಂದು ಅಲ್ಲಿ ಹೇಳಿದ್ದರು.

ಅಂದಿನಿಂದ ರಾಯರು ದಿನಾ ಹನ್ನೊಂದು ಗಂಟೆಗೆ ಪಡಸಾಲೆಯ ಕಿಟಕಿಗೆ ಕುಳಿತು ಟಪಾಲಿನ ಶಾಬುದ್ದೀನನ ದಾರಿ ಕಾಯತೊಡಗಿದರು. ಹೆಂಡತಿ ಹೋದ ಮೇಲೆ ಅವರಿಗೆ ಲೋಕದಲ್ಲಿ ಬೇಕಾದದ್ದು ಇದೊಂದೇ ಉಳಿದಿತ್ತು. ಆಕೆ ಹಚ್ಚಿ ಕಳಿಸಿದ ಲಕೋಟೆ ತಿರುಗಿ ಬರಬೇಕು, ಅದರಲ್ಲಿ ಒಳ್ಳೆಯ ಮಾತು ಇರಬೇಕು. ಮೊದಲ ವಾರ ಮುಗಿಯಿತು. ಪತ್ರ ಬರಲಿಲ್ಲ.

ಬಾರದ ಪತ್ರಕ್ಕೆ ಕಾರಣ ಹುಡುಕುತ್ತ ಹೋದ ಹಾಗೆ ರಾಯರಿಗೆ ಒಂದೊಂದೇ ಕಾಣತೊಡಗಿತು. ಪಕ್ಕದ ಮನೆಯ ಯಂಕಣ್ಣ ದಿನಾ ಸಂಜೆ ಬಂದು ಕಟ್ಟೆಯ ಮೇಲೆ ಕೂತು ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುವವನು. ಅವನ ಅಳಿಯ ಏಕನಾಥನೂ ಇದೇ ಶಿಷ್ಯವೃತ್ತಿಗೆ ಅರ್ಜಿ ಹಾಕಿದ್ದನು. ರಥಸಪ್ತಮಿಯ ಮರುದಿನದಿಂದ ಯಂಕಣ್ಣ ಬರುವುದನ್ನೇ ಬಿಟ್ಟನು. ಎದುರಿಗೆ ಸಿಕ್ಕರೆ ಚಪ್ಪಲಿಯ ಉಂಗುಟ ಸರಿಮಾಡುವವನ ಹಾಗೆ ಬಗ್ಗುತ್ತಿದ್ದನು. ಶಾಬುದ್ದೀನನೂ ಬದಲಾದ ಹಾಗೆ ಕಂಡಿತು. ಮೊದಲು ಗೇಟಿನ ಹತ್ತಿರ ನಿಂತು "ಆರಾಮ ಏನ್ರಿ ರಾಯರ" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದವನು ಈಗ ಸೈಕಲ್ಲಿನ ಗಂಟೆಯನ್ನು ಸಹ ಬಾರಿಸದೆ ದಾಟಿಹೋಗುತ್ತಿದ್ದನು. ಯಂಕಣ್ಣನ ಗೇಟಿನಲ್ಲಿ ಮಾತ್ರ ಒಂದು ದಿನ ಇಬ್ಬರೂ ತಲೆಗೆ ತಲೆ ಹಚ್ಚಿ ಮಾತಾಡುವುದನ್ನು ರಾಯರು ಕಿಟಕಿಯಿಂದ ನೋಡಿದರು. ಬೆನ್ನು ನೋಡಿಯೇ ಅವರಿಗೆ ತಿಳಿಯಿತು.

"ನಮ್ಮ ಪತ್ರಾ ಯಂಕಣ್ಣನ ಮನ್ಯಾಗ ಅದ," ಎಂದರು ರಾತ್ರಿ ಊಟಕ್ಕೆ ಕುಳಿತಾಗ.

ರಮಾಕಾಂತ ಹುಬ್ಬಳ್ಳಿಯ ಒಂದು ಸಾಲೆಯಲ್ಲಿ ಹಂಗಾಮಿ ಮಾಸ್ತರಿಕೆ ಮಾಡುತ್ತಿದ್ದನು. ಮುಂಜಾನೆಯ ಗಾಡಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುವನು. ದಣಿದಿದ್ದನು. "ಅಪ್ಪಾ, ದಿಲ್ಲಿ ದೂರ ಅದ. ತಡಾ ಆಗತದ," ಎಂದನು.

"ದೂರಿದ್ದದ್ದು ತಡಾ ಆಗತದ. ಹತ್ತರ ಇದ್ದದ್ದು ಮುಚ್ಚಿ ಇಟ್ಟಿರತದ."

ರಾಯರ ಅಕ್ಕ, ಬಡಿಸುತ್ತಿದ್ದ ಗೋದಾಬಾಯಿಯ ಕೈಯೊಳಗಿನ ಸೌಟು ಒಂದು ಕ್ಷಣ ನಿಂತಿತು. ಗೋದಾಬಾಯಿ ಬಾಲವಿಧವೆ, ತಮ್ಮನ ಮನೆಯಲ್ಲಿಯೇ ನಲವತ್ತು ವರ್ಷ ಕಳೆದವರು. ಮಡಿ, ಏಕಾದಶಿ, ತುಳಸಿ ಪ್ರದಕ್ಷಿಣೆ ಬಿಟ್ಟು ಬೇರೆ ಲೋಕ ಅರಿಯದವರು. "ಅನ್ನ ಆರತದ, ಉಣ್ಣು," ಎಂದಷ್ಟೇ ಅಂದರು. ಆ ಸೌಟು ನಿಂತದ್ದನ್ನು ರಾಯರು ನೋಡಲಿಲ್ಲ. ಊರೆಲ್ಲ ನೋಡುವ ಕಣ್ಣಿಗೆ ಒಡಹುಟ್ಟಿದವಳು ಕಾಣುವುದಿಲ್ಲ.

ಹತ್ತನೆಯ ತಾರೀಖು ರಾಯರು ಗೇಟಿನಲ್ಲಿ ಶಾಬುದ್ದೀನನ ಸೈಕಲ್ಲು ಹಿಡಿದು ನಿಲ್ಲಿಸಿದರು.

"ಶಾಬುದ್ದೀನ, ನಿನ್ನ ಎಷ್ಟು ವರ್ಷದಿಂದ ಬಲ್ಲೆ ನಾನು?"

"ಹದಿನಾಲ್ಕ ವರ್ಷ ಆತ್ರಿ ರಾಯರ."

"ನಮ್ಮ ದಿಲ್ಲಿ ಪತ್ರಾ ಎಲ್ಲದ?"

"ಹ್ವಾದ ವಾರ ಒಂದ ಪಾಕೀಟ ಬಂದಿತ್ತಲ್ರಿ. ಅಕ್ಕಾವರ ಕೈಯಾಗ ಕೊಟ್ಟೇನಿ. ಅವತ್ತ ರಥಸಪ್ತಮಿ, ನೀವು ಮಠಕ್ಕ ಹೋಗಿದ್ರಿ. ಅದರದು ಏನಾಗಿತ್ತಂದ್ರ…"

"ಸಾಕು," ಎಂದರು ರಾಯರು. "ದಿನಾ ಮೂರು ಸಲ ಸ್ನಾನ ಮಾಡೋ ಹೆಣ್ಣಮಗಳ ಹೆಸರ ಮ್ಯಾಲೆ ಸುಳ್ಳು ಕಟ್ಟಬ್ಯಾಡ. ಯಂಕಣ್ಣ ಏನು ಕೊಟ್ಟಾನ ನಿನಗ?"

ಶಾಬುದ್ದೀನ ಚೀಲ ಹೆಗಲಿಗೇರಿಸಿದನು. "ನನ್ನ ಮಾತು ಇನ್ನಾ ಮುಗದಿಲ್ರಿ. ನಿಮಗ ಬ್ಯಾಡಾದ್ರ ಬ್ಯಾಡ," ಎಂದು ಸೈಕಲ್ಲು ಬಿಡಿಸಿಕೊಂಡು ಹೋದನು.

ಒಳಗೆ ಬಂದ ರಾಯರು ಅಕ್ಕನನ್ನು ಒಂದು ಮಾತು ಕೇಳಬಹುದಾಗಿತ್ತು. ಅಡಿಗೆಮನೆ ಹತ್ತೇ ಹೆಜ್ಜೆ. ಕೇಳಿದರೆ ಅವಳನ್ನೂ ಸಂಶಯಪಟ್ಟಂತಾಗುವುದೆಂದು ಅವರು ಕೇಳಲಿಲ್ಲ. ಮೇಜಿಗೆ ಕುಳಿತು, ತಮ್ಮ ಒಳ್ಳೆಯ ಇಂಗ್ಲಿಷಿನಲ್ಲಿ, ಟಪಾಲಿನವನು ಪತ್ರ ಮುಚ್ಚಿಟ್ಟಿದ್ದಾನೆಂದು ಪೋಸ್ಟ್ ಮಾಸ್ತರರಿಗೆ ಎರಡು ಪುಟದ ತಕರಾರು ಬರೆದರು. ಬರೆದ ಮೇಲೆ ಮೂರು ತಿಂಗಳಲ್ಲಿ ಮೊದಲ ಸಲ ಅವರಿಗೆ ಮಧ್ಯಾಹ್ನದ ನಿದ್ದೆ ಬಂದಿತು.

ಹದಿನೆಂಟನೆಯ ತಾರೀಖು ಇಂದೂಬಾಯಿಯ ಮೂರನೆಯ ಮಾಸಿಕ. ರಮಾಕಾಂತ ರಜೆ ತೆಗೆದುಕೊಂಡು ತಾಯಿಗೆ ಪಿಂಡ ಇಟ್ಟನು. ಬ್ರಾಹ್ಮಣರು ಉಂಡು ಎದ್ದರು, ಯಾವ ವಿಘ್ನವೂ ಆಗಲಿಲ್ಲ. ಗೋದಾಬಾಯಿ ಕಣ್ಣೊರೆಸಿಕೊಂಡು, "ನಡೀತಲ್ಲಪ್ಪಾ, ಇಷ್ಟು ನಡೀತು," ಎಂದು ಎರಡೆರಡು ಸಲ ಅಂದರು. ಅಷ್ಟು ಸಮಾಧಾನ ಏಕೆಂದು ಯಾರೂ ಕೇಳಲಿಲ್ಲ.

ಮರುದಿನ ಶನಿವಾರ. ರಮಾಕಾಂತನಿಗೆ ಅರ್ಧ ದಿನದ ಸಾಲೆ. ಮಧ್ಯಾಹ್ನವೇ ಮನೆಗೆ ಬಂದಿದ್ದನು. ಮೂರು ಗಂಟೆಗೆ ಶಾಬುದ್ದೀನ ಗೇಟಿನಲ್ಲಿ ಬಂದು ನಿಂತನು. ಚೀಲವಿರಲಿಲ್ಲ. ಕೈಯಲ್ಲಿ ಒಂದು ಹಾಳೆ ಇತ್ತು.

"ಪೋಸ್ಟ್ ಮಾಸ್ತರು ಕಳಿಸ್ಯಾರ್ರಿ. ಅಕ್ಕಾವರು ಪಾಕೀಟ ತಗೊಂಡಿಲ್ಲಂತ ಇದರ ಮ್ಯಾಲೆ ಸಹಿ ಹಾಕಿದ್ರ ನನ್ನ ನೌಕರಿ ಹೋಗತೈತಿ. ತಗೊಂಡೀನಿ ಅಂದ್ರ ಉಳೀತೈತಿ. ಅವರನ್ನ ಒಮ್ಮಿ ಕರೀರಿ. ನನ್ನ ಎದುರಿಗೆ ಕೇಳ್ರಿ."

ರಾಯರು ಕರೆಯಬೇಕಾಗಲಿಲ್ಲ. ಗೋದಾಬಾಯಿ ಬಾಗಿಲಿಗೆ ಬಂದಿದ್ದರು.

"ಬಿಂದೂ, ಅವ ಖರೇ ಹೇಳತಾನ," ಎಂದರು. "ನಾನೇ ತಗೊಂಡೀನಿ. ಮಾಸಿಕಾ ಮುಗದ ಮ್ಯಾಲೆ ಇವತ್ತ ನಿನಗ ಕೊಡಬೇಕಂತ ಮಾಡಿದ್ದೆ. ಬೆಳಗಿನಿಂದ ಬಾಯಿ ಬರವಲ್ದು."

ಅವರು ಹಿತ್ತಲಿಗೆ ಹೋದರು. ದನದ ಕೊಟ್ಟಿಗೆ ಖಾಲಿಯಾಗಿ ವರ್ಷಗಳಾಗಿದ್ದವು. ಅದರ ಹೊರಗೋಡೆಯ ಗೂಡಿನೊಳಗಿಂದ, ಬಾಳೆಲೆಯ ಒಣಪಟ್ಟಿಯಲ್ಲಿ ಸುತ್ತಿದ ಒಂದು ಲಕೋಟೆ ತಂದರು. ಮನೆಯೊಳಗೆ ತರದೆ ಅಂಗಳದ ಕಲ್ಲಿನ ಮೇಲೆ ಇಟ್ಟರು. ಒಡೆದಿರಲಿಲ್ಲ. ಬಲಗಡೆಯ ಕೆಳಮೂಲೆ ಹರಿದುಹೋಗಿತ್ತು.

ಅದನ್ನು ನೋಡಿ ರಾಯರು ಎರಡು ಹೆಜ್ಜೆ ಹಿಂದೆ ಸರಿದರು. ಮೂಲೆ ಹರಿದ ಪತ್ರವೆಂದರೆ ಸಾವಿನ ಪತ್ರ. ನಮ್ಮ ಕಡೆ ಸತ್ತ ಸುದ್ದಿ ಬರೆಯುವವರು ಮೂಲೆ ಹರಿದೇ ಕಳಿಸುತ್ತಾರೆ. ಪಡೆದವರು ಅದನ್ನು ಒಳಗೆ ತರುವುದಿಲ್ಲ, ಹೊರಗೇ ಓದಿ, ಹರಿದು, ಸ್ನಾನ ಮಾಡುತ್ತಾರೆ.

"ಅದಕ್ಕ ನಾನು ಗಂಟಿ ಬಾರಿಸಲಾರದ ಅಕ್ಕಾವರ ಕೈಯಾಗ ಸಾವಕಾಶ ಕೊಟ್ಟೆ," ಎಂದನು ಶಾಬುದ್ದೀನ. "ಅದನ್ನ ಹೇಳಾಕ ಹೋದ್ರ ನೀವು ಸಾಕಂದ್ರಿ. ಇಂಥಾ ಮನಿಗೆ ಇನ್ನೊಂದ ಅಂಥಾದ್ದು ಕೊಟ್ಟ ಬಂದು, ನಿಮ್ಮ ಮಾರಿ ಹ್ಯಾಂಗ ನೋಡಬೇಕ್ರಿ ನಾನು?"

ಗೋದಾಬಾಯಿ ತಮ್ಮನ ಕಡೆ ತಿರುಗಿದರು. "ನೀನೇ ಓದಿ ಹೇಳಿದ್ದಿಲ್ಲೇನು, ಸೂತಕ ಅನ್ನೋದು ಸುದ್ದಿ ಕೇಳಿದ ಮ್ಯಾಲೆ ಹತ್ತತದ, ಕೇಳದವಗ ಹತ್ತೂದಿಲ್ಲ ಅಂತ? ಇಂಗ್ಲಿಷಿನಾಗ ಬರದದ್ದು. ಮುಂಬಯಿ ದಾಯಾದಿಗಳ ಪೈಕಿ ಯಾರೋ ಹೋಗ್ಯಾರ ಅಂತ ತಿಳಕೊಂಡೆ. ನೀನು ಓದಿದಿ ಅಂದ್ರ ಸೂತಕ. ಇಂದೂನ ಮಾಸಿಕಾ ತಪ್ಪತಿತ್ತು. ನೀನು ಒಂದು ತುತ್ತು ಸರಿ ಉಣ್ಣವಲ್ಲಿ, ಅದರ ಮ್ಯಾಲೆ ಇದು. ಹದಿಮೂರು ದಿನ ತಡೀಲಿ ಅಂದೆ. ಸತ್ತವರಿಗೆ ಏನು ಅವಸರ?"

ರಮಾಕಾಂತ ಬಗ್ಗಿ ಲಕೋಟೆ ಎತ್ತಿಕೊಂಡನು. ಅದರ ಮೇಲಿನ ಅಕ್ಷರ ಅವನದೇ. ಹರಿದ ಅಂಚನ್ನು ಬೆಳಕಿಗೆ ಹಿಡಿದನು. ಅಲ್ಲಿ ಕೂದಲೆಳೆಯಷ್ಟು ಹಳದಿ ಬಣ್ಣ ಉಳಿದಿತ್ತು.

"ಅವ್ವನ ಅರಿಷಿಣ," ಎಂದನು. "ಹಸಿ ಇದ್ದಾಗ ಹಾಳಿ ನಡುವ ಇಟ್ಟಿದ್ದೆ. ಅಂಟಿಕೊಂಡದ. ದಿಲ್ಲಿಯವರು ಬಿಡಿಸಲಿಕ್ಕೆ ಹೋದಾಗ ಮೂಲಿ ಅಲ್ಲೇ ಉಳದದ."

ರಾಯರು ಲಕೋಟೆ ತೆಗೆದುಕೊಂಡು ಒಡೆದರು. ಪತ್ರ ಚಿಕ್ಕದಿತ್ತು. ರಮಾಕಾಂತನನ್ನು ಎಂಟು ಜನರಲ್ಲಿ ಒಬ್ಬನಾಗಿ ಆರಿಸಿದ್ದೇವೆ. ಒಪ್ಪಿಗೆಯನ್ನು ಫೆಬ್ರುವರಿ ಹದಿನೈದರೊಳಗೆ ನಮಗೆ ಮುಟ್ಟುವಂತೆ ತಿಳಿಸಬೇಕು. ಇಲ್ಲದಿದ್ದರೆ ಸ್ಥಳವನ್ನು ಮುಂದಿನವರಿಗೆ ಕೊಡಲಾಗುವುದು.

ರಾಯರು ಅದನ್ನು ಎರಡು ಸಲ ಓದಿದರು. ಹತ್ತನೆಯ ತಾರೀಖು ಶಾಬುದ್ದೀನನ ಮಾತನ್ನು ಕೊನೆಯವರೆಗೆ ಕೇಳಿದ್ದರೆ ಇನ್ನೂ ಐದು ದಿನವಿತ್ತು. ತಂತಿಯ ತಾರು ಮುಟ್ಟಲು ಒಂದು ದಿನ ಸಾಕು.

"ತಾರ ಆಫೀಸು ಐದು ಗಂಟೇ ತನಾ ಇರತೈತ್ರಿ," ಎಂದನು ಶಾಬುದ್ದೀನ. "ರಮಾಕಾಂತಪ್ಪಗ ನನ್ನ ಸೈಕಲ್ ಕೊಡತೇನಿ."

ತಾರು ಹೋಯಿತು. ರಾಯರು ಮಾತ್ರ ನಡೆದುಕೊಂಡೇ ಪೋಸ್ಟ್ ಮಾಸ್ತರರ ಕಡೆ ಹೋಗಿ, ತಮ್ಮ ತಕರಾರನ್ನು ತಿರುಗಿ ಪಡೆದು, ಶಾಬುದ್ದೀನನ ಎದುರಿಗೇ ಹರಿದರು. ಮೊದಲು ಮೂಲೆ ಹರಿದು, ಆಮೇಲೆ ಉಳಿದದ್ದನ್ನು ಹರಿದರು. ಶಾಬುದ್ದೀನ ಅದನ್ನು ನೋಡಿ ಮುಖ ತಿರುಗಿಸಿ ನಕ್ಕನು.

ಅಂದು ಸಂಜೆ ಯಂಕಣ್ಣನ ಮನೆಗೂ ರಾಯರೇ ಹೋದರು. ಬಾಗಿಲು ತೆರೆದ ಯಂಕಣ್ಣನ ಮುಖ ಸಣ್ಣದಾಗಿತ್ತು. "ಏಕನಾಥಗ ರಥಸಪ್ತಮಿ ದಿನಾನ ಇಲ್ಲಂತ ಬಂತ್ರಿ ರಾಯರ," ಎಂದನು. "ನಿಮ್ಮ ಹುಡುಗಗ ಸಿಕ್ಕಿರತದ ಅಂತ ಗೊತ್ತಿತ್ತು. ಹೊಟ್ಟಿ ಉರದದ್ದು ಮುಖದ ಮ್ಯಾಲೆ ಕಾಣಸತದ ಅಂತ ನಿಮ್ಮ ಕಟ್ಟಿಗೆ ಬರಲಿಲ್ಲ. ಶಾಬುದ್ದೀನನ್ನ ಕೇಳಿದೆ, ರಾಯರ ಪತ್ರಾ ಬಂತೇನು ಅಂತ. ಆ ಮನೀ ಸುದ್ದಿ ತಗೀಬ್ಯಾಡ್ರಿ ಅಂದ."

ರಾಯರಿಗೆ ಹೇಳಬೇಕಾದ ಮಾತು ಬಹಳ ಇತ್ತು. "ನಾಳೆ ಸಂಜಿಗೆ ಬಾ," ಎಂದರು. "ಅಡಿಕಿ ಅದ."

ಆರನೆಯ ದಿನ ದಿಲ್ಲಿಯಿಂದ ಉತ್ತರ ಬಂದಿತು. ಸ್ಥಳವನ್ನು ಹದಿನಾರನೆಯ ತಾರೀಖೇ ಮುಂದಿನವರಿಗೆ ಕೊಟ್ಟಾಗಿತ್ತು. ಬರುವ ವರ್ಷ ಮತ್ತೆ ಅರ್ಜಿ ಹಾಕಬಹುದೆಂದು ಬರೆದಿದ್ದರು. ರಮಾಕಾಂತ ಅದನ್ನು ಓದಿ, ಮಡಚಿ, ಮರುದಿನ ಮುಂಜಾನೆಯ ಗಾಡಿಗೆ ಎಂದಿನಂತೆ ಹೋದನು. ಗೋದಾಬಾಯಿ ಮೂರು ದಿನ ಉಣ್ಣಲಿಲ್ಲ. ನಾಲ್ಕನೆಯ ದಿನ ರಾಯರು ತಾವೇ ಎಲೆ ಹಾಕಿ, "ಅಕ್ಕಾ, ನೀನು ಮುಚ್ಚಿಟ್ಟದ್ದು ನನ್ನ ಸಲುವಾಗಿ. ನಾನು ಕೇಳದ ಉಳಿದದ್ದು ನನ್ನ ಸೊಕ್ಕಿನ ಸಲುವಾಗಿ. ಉಪವಾಸಾ ಮಾಡಬೇಕಾದಾಂವ ನಾನು," ಎಂದರು. ಆಕೆ ಕುಳಿತು ಉಂಡರು.

ಮುಂದಿನ ನವರಾತ್ರಿಗೆ ಮತ್ತೆ ಅರ್ಜಿ ತಯಾರಾಯಿತು, ಮತ್ತೊಂದು ಲಕೋಟೆ ಬಂದಿತು. ಗೋದಾಬಾಯಿ ಅರಿಷಿಣ ಕಲಸಿ ತಂದಿಟ್ಟರು, ಆದರೆ ವಿಧವೆಯ ಕೈಯೆಂದು ಹಚ್ಚಲಿಲ್ಲ. ರಾಯರು ತಮ್ಮ ಬೆರಳಿನಿಂದ ಮೂಲೆಗೆ ಹಚ್ಚಿ, ಲಕೋಟೆಯನ್ನು ತುಳಸಿಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟು, ಕಾಗೆ ಬಾರದ ಹಾಗೆ ಒಂದು ಕೋಲು ಹಿಡಿದು ಪಕ್ಕದಲ್ಲಿ ಕುಳಿತರು. ಹನ್ನೊಂದು ಗಂಟೆಗೆ ಶಾಬುದ್ದೀನ ಗೇಟಿನಲ್ಲಿ ಸೈಕಲ್ಲು ನಿಲ್ಲಿಸಿದನು.

"ಕೊಡತೀರೇನ್ರಿ ರಾಯರ, ನಾನ ಒಯ್ಯತೇನಿ."

ರಾಯರು ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇನ್ನೂ ಹಸಿ ಅದ," ಎಂದರು. "ನಾಳೆ ಬಾ."