ಸಲಕ್ಕೊಂದು ಆಕ್ಷೇಪಣೆ

ಶಾಮಲಾಗೆ ಆಫೀಸಿನಲ್ಲಿ ಒಳ್ಳೆಯ ಹೆಸರಿತ್ತು. ಆ ಒಳ್ಳೆಯ ಹೆಸರೇ ಸಿದ್ದರಾಮಪ್ಪನೆಂಬ ಅರ್ಜಿದಾರನ ಪ್ರಾಣ ತಿಂದಿತು ಅನ್ನಬೇಕು. ಹೈದರಾಬಾದ್ ಪಾಲಿಕೆಯ ಕಟ್ಟಡ ಪರವಾನಗಿ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ಕೂತಿದ್ದರೂ ಅವಳು ಬರೆದ ಒಂದು ಟಿಪ್ಪಣಿಯೂ ಮೇಲಿನಿಂದ ತಿರುಗಿ ಬಂದದ್ದಿಲ್ಲ. ಅದರ ಗುಟ್ಟೇನೂ ದೊಡ್ಡದಲ್ಲ. ಅರ್ಜಿಯನ್ನು ಮೊದಲ ಪುಟದಿಂದ ಓದುತ್ತ ಹೋಗುವುದು, ಮೊದಲ ಕೊರತೆ ಸಿಕ್ಕ ಕಡೆ ನಿಲ್ಲುವುದು, ಅದೊಂದನ್ನೇ ಮೆಮೊದಲ್ಲಿ ಬರೆದು ಅರ್ಜಿದಾರನನ್ನು ವಾಪಸು ಕಳಿಸುವುದು. ಅವನು ಅದನ್ನು ಸರಿಮಾಡಿಕೊಂಡು ಬಂದರೆ ಮುಂದಿನ ಪುಟ. ಎಲ್ಲ ಕೊರತೆಯನ್ನೂ ಒಮ್ಮೆಗೇ ಬರೆದು ಅದರಲ್ಲೊಂದು ಬಿಟ್ಟುಹೋಯಿತೆನ್ನಿ, ನಾಳೆ ಬರೆದವಳ ಕುತ್ತಿಗೆಗೇ ಬರುತ್ತದೆ. ಸಲಕ್ಕೊಂದು ಬರೆದವಳು ಎಂದೂ ಸಿಕ್ಕಿಬೀಳುವುದಿಲ್ಲ. ಸವೆಯುವ ಚಪ್ಪಲಿಯಂತೂ ಬೇರೆಯವರದು.

ಈ ವಿದ್ಯೆ ಕಲಿಸಿದವರು ಅವಳ ತಂದೆ ಪ್ರಾಣೇಶರಾಯರು. ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು ಸರ್ಕಾರಿ ಕುರ್ಚಿಯಲ್ಲೇ ತಲೆ ಹಣ್ಣಾದವರು. ಮಗಳು ನೌಕರಿಗೆ ಸೇರಿದ ದಿನ ಅವರು ಇನ್ನೊಂದು ಮಾತನ್ನೂ ಹೇಳಿದ್ದರು.

"ಇಲ್ಲೆ ಒಬ್ಬಾಂವ ಆಂಧ್ರದಾಂವ, ಒಬ್ಬಾಂವ ತೆಲಂಗಾಣದಾಂವ. ನಾವು ಯಾರ ಕಡೀಗೂ ಅಲ್ಲ, ಅದಕ್ಕ ಇಬ್ಬರ ಕಣ್ಣೂ ನಮ್ಮ ಮ್ಯಾಲ ಇರ್ತಾವ. ಆಫೀಸಿನ್ಯಾಗ ಕನ್ನಡ ಬಾಯಿ ಬಿಡಬ್ಯಾಡ. ನಮ್ಮವರು ಯಾರರೆ ಅರ್ಜಿ ತಂದ್ರಂತೂ ಇನ್ನೂ ಬಿಗಿ ಇರು."

ಶಾಮಲಾ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಎರಡು ಸಾವಿರದ ಹದಿಮೂರರಲ್ಲಂತೂ ಅದು ಇನ್ನಷ್ಟು ನಿಜವಾಗಿತ್ತು. ರಾಜ್ಯ ಒಡೆಯಬೇಕು, ಒಡೆಯಬಾರದು ಎಂಬ ಜಗಳ ಆಫೀಸಿನ ಟೇಬಲ್ಲು ಟೇಬಲ್ಲಿಗೂ ಬಂದು ಕೂತಿತ್ತು. ಯಾರು ಯಾರ ಫೈಲನ್ನು ಬೇಗ ತಳ್ಳಿದರು ಎಂದು ಎಲ್ಲರೂ ಲೆಕ್ಕ ಇಡುತ್ತಿದ್ದರು.

ಆ ವರ್ಷದ ಜನವರಿಯಲ್ಲಿ ಸಿದ್ದರಾಮಪ್ಪ ಬಂದ. ಆಳಂದದ ಕಡೆಯವನು, ಅರವತ್ತು ದಾಟಿದವನು, ಮೂವತ್ತು ವರ್ಷ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿದವನು. ಅವನ ಹೆಂಡತಿ ಅಂಬವ್ವ ಎಳೆಯ ವಯಸ್ಸಿನಿಂದ ಹತ್ತಿ ಬಿಡಿಸುವ ಜಿನ್ನಿನಲ್ಲಿ ದುಡಿದು, ಆ ಧೂಳೆಲ್ಲ ಎದೆಯಲ್ಲಿ ಕೂತು, ಈಗ ಆಕ್ಸಿಜನ್ ಮಷೀನು ಇಲ್ಲದಿದ್ದರೆ ಉಸಿರಾಡಲಾರಳು. ಮಷೀನಿಗೆ ಕರೆಂಟು ಬೇಕು. ಹೈದರಾಬಾದಿನಲ್ಲಿ ಆಗ ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಕರೆಂಟು ತೆಗೆಯುತ್ತಿದ್ದರು. ತಾರಸಿಯ ಮೇಲೆ ನಾಲ್ಕು ಸೋಲಾರ್ ಪ್ಲೇಟು ಕೂರಿಸಿಕೊಳ್ಳುತ್ತೇನೆ, ಕಬ್ಬಿಣದ ಸ್ಟ್ಯಾಂಡು ನಾನೇ ಮಾಡಿಕೊಳ್ಳುತ್ತೇನೆ, ಪರವಾನಗಿ ಕೊಡಿ. ಇಷ್ಟೇ ಅವನ ಅರ್ಜಿ.

ಬಿಸಿಲು ಎಲ್ಲರದು, ಮನೆಯ ಮೇಲೆ ಬಿಸಿಲು ಹಿಡಿಯಿರಿ ಎಂದು ಆಫೀಸಿನ ಗೇಟಿನ ಪಕ್ಕದಲ್ಲೇ ದೊಡ್ಡ ಬೋರ್ಡು ನಿಲ್ಲಿಸಿದ್ದರು. ಒಳಗೆ ಮಾತ್ರ ತಾರಸಿಯ ಮೇಲೆ ಪ್ಲೇಟು ಕೂರಿಸುವವನೂ ಒಂದೇ, ಇನ್ನೊಂದು ಅಂತಸ್ತು ಎಬ್ಬಿಸುವವನೂ ಒಂದೇ. ಇಬ್ಬರಿಗೂ ಅದೇ ಹದಿಮೂರು ಕಾಗದ. ಶಾಮಲಾ ಎರಡನೆಯ ಪುಟದಲ್ಲಿ ನಿಂತಳು. ಮನೆಯ ಕಾಗದದ ನಕಲಿಗೆ ಅಧಿಕಾರಿಯ ಸಹಿ ಇಲ್ಲ. ಮೆಮೊ. ಫೆಬ್ರುವರಿಯಲ್ಲಿ ಅವನು ಸಹಿ ಮಾಡಿಸಿ ತಂದ. ಐದನೆಯ ಪುಟ. ತಾರಸಿ ಭಾರ ತಡೆಯುತ್ತದೆಂದು ಎಂಜಿನಿಯರ್ ಬರೆದುಕೊಟ್ಟ ಕಾಗದ ಇಲ್ಲ. ಮೆಮೊ. ಮಾರ್ಚಿನಲ್ಲಿ ಅದನ್ನೂ ತಂದ.

ಆ ಮೂರನೆಯ ಸಲವೇ ಅವನಿಗೆ ಗೊತ್ತಾದದ್ದು. ಶಾಮಲಾ ಫೋನಿನಲ್ಲಿ ತಾಯಿಯ ಜೊತೆ ಪಿಸುದನಿಯಲ್ಲಿ ಎರಡು ಮಾತು ಕನ್ನಡದಲ್ಲಿ ಆಡಿ ಫೋನು ಇಟ್ಟಾಗ ಎದುರಿಗೆ ಸಿದ್ದರಾಮಪ್ಪ ನಿಂತಿದ್ದ. ಅವನ ಮುಖ ಅರಳಿತು.

"ಅಕ್ಕಾರ, ನೀವು ನಮ್ಮವ್ರ ಏನ್ರಿ?" ಎಂದ. "ಮತ್ತ ಹೇಳಬಾರದೇನ್ರಿ. ಮೂರು ತಿಂಗಳಿಂದ ನನ್ನ ಹರಕ ತೆಲುಗಿನ್ಯಾಗ ಬಡಕೊಳ್ಳಾಕತ್ತೀನಿ. ಒಂದ ಉಪಕಾರ ಮಾಡ್ರಿ. ಏನೇನು ಬೇಕು ಎಲ್ಲಾ ಒಮ್ಮೆಲೇ ಹೇಳಿಬಿಡ್ರಿ. ಒಂದ ಸಲ ತಂದು ನಿಮ್ಮ ಮುಂದ ಇಡ್ತೀನಿ. ಕರೆಂಟು ಹೋದಾಗ ಆಕೀ ಮಾರಿ ನೋಡಾಕ ಆಗೂದಿಲ್ರಿ."

ಪಕ್ಕದ ಟೇಬಲ್ಲಿನವರು ತಲೆ ಎತ್ತಿದರು. ಆ ಕಡೆಯ ಟೇಬಲ್ಲಿನವರೂ ಎತ್ತಿದರು. ಅಟೆಂಡರ್ ಮಲ್ಲಣ್ಣ ನೀರಿನ ಲೋಟ ಹಿಡಿದು ಅಲ್ಲೇ ನಿಂತ. ಶಾಮಲಾಗೆ ಕಿವಿ ಬಿಸಿಯಾಯಿತು.

"ರೂಲ್ ಪ್ರಕಾರಂ ವೆಳ್ತುಂದಿ," ಎಂದಳು ತೆಲುಗಿನಲ್ಲಿ. ರೂಲಿನ ಪ್ರಕಾರ ಹೋಗುತ್ತದೆ. ಅಷ್ಟು ಹೇಳಿ ಏಳನೆಯ ಪುಟಕ್ಕೆ ಬಂದು, ಪಕ್ಕದ ಮನೆಯವರ ಒಪ್ಪಿಗೆ ಪತ್ರ ಇಲ್ಲ ಎಂದು ಬರೆದು ಮೆಮೊ ಮುಂದೆ ತಳ್ಳಿದಳು. ಅವನು ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಆಮೇಲೆ ಹೋದ. ಮಲ್ಲಣ್ಣ ಲೋಟ ಇಟ್ಟ. ಶಾಮಲಾಗೆ ಆ ರಾತ್ರಿ ಊಟ ಸೇರಲಿಲ್ಲ, ಯಾಕೆಂದು ಅವಳು ತನ್ನನ್ನು ಕೇಳಿಕೊಳ್ಳಲೂ ಇಲ್ಲ.

ಏಪ್ರಿಲ್ ಹೋಯಿತು, ಸಿದ್ದರಾಮಪ್ಪ ಬರಲಿಲ್ಲ. ಮೆಮೊಗೆ ಮೂವತ್ತು ದಿನದಲ್ಲಿ ಉತ್ತರ ಕೊಡದಿದ್ದರೆ ಫೈಲು ಮುಚ್ಚಬೇಕೆಂದು ರೂಲು. ಮೇ ತಿಂಗಳ ಒಂದು ಬೆಳಿಗ್ಗೆ ಮುಚ್ಚುವ ಫೈಲುಗಳ ಕಟ್ಟಿನಲ್ಲಿ ಅವನದೂ ಬಂತು. ಅರ್ಜಿದಾರರಿಗೆ ಆಸಕ್ತಿ ಇಲ್ಲ ಎಂದು ಬರೆಯಬೇಕು, ಅದೇ ವಾಡಿಕೆ. ಪೆನ್ನು ತೆಗೆದವಳು ಏನನ್ನೋ ಹುಡುಕುವವಳಂತೆ ಪುಟ ಮಗುಚಿದಳು. ಹನ್ನೊಂದನೆಯ ಪುಟದಲ್ಲಿ ಡಾಕ್ಟರ ಚೀಟಿ ಇತ್ತು. ದಿನಕ್ಕೆ ಹದಿನಾರು ಗಂಟೆ ಆಕ್ಸಿಜನ್, ತಪ್ಪಿದರೆ ಜೀವಕ್ಕೆ ಅಪಾಯ. ಜನವರಿಯಿಂದ ಆ ಚೀಟಿ ಅಲ್ಲೇ ಇತ್ತು. ಅವಳು ಆ ಪುಟದವರೆಗೆ ಬಂದೇ ಇರಲಿಲ್ಲ.

ಅವಳು ಪೆನ್ನು ಕೆಳಗಿಟ್ಟಳು. ಅವನು ಬರದೆ ಇರುವುದಕ್ಕೆ ಕಾರಣ ಅದೇ ಇರಬಹುದೇ? ಆ ಹೆಂಗಸು ಇದ್ದಾಳೋ ಇಲ್ಲವೋ? ಗೊತ್ತಾಗದೆ ಕೂತರೆ ತಲೆ ಕೆಡುತ್ತದೆ ಎನ್ನಿಸಿ, ವಿಳಾಸ ಚೀಟಿಯಲ್ಲಿ ಬರೆದುಕೊಂಡು, ಊಟದ ಬಿಡುವಿನಲ್ಲಿ ಹೊರಟಳು. ಮನೆ ಆಫೀಸಿನಿಂದ ಮೂರು ಗಲ್ಲಿ ಆಚೆ. ಹನ್ನೆರಡಕ್ಕೇ ಕರೆಂಟು ತೆಗೆದಿದ್ದರು. ಜನ ಬಾಗಿಲಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ನೀಲಿ ದಾರದ ಆಫೀಸಿನ ಕಾರ್ಡು ಅವಳ ಕುತ್ತಿಗೆಯಲ್ಲೇ ನೇತಾಡುತ್ತಿತ್ತು. ಅದನ್ನು ತೆಗೆಯುವುದು ಅವಳಿಗೆ ಹೊಳೆಯಲಿಲ್ಲ.

ಗಲ್ಲಿಯ ಒಂದು ಬಾಗಿಲಲ್ಲಿ ಗುರುಬಾಯಿ ಎಂಬ ಮುದುಕಿ ಅಕ್ಕಿ ಆರಿಸುತ್ತಿದ್ದಳು. ಸಿದ್ದರಾಮಪ್ಪನ ಮನೆ ಯಾವುದೆಂದು ಶಾಮಲಾ ಕೇಳಿದ್ದೇ ತಡ, ಮುದುಕಿ ಕಾರ್ಡು ನೋಡಿ, ಮೊರ ಪಕ್ಕಕ್ಕಿಟ್ಟು, ಎದುರು ಮನೆಯ ತಾರಸಿಯ ಕಡೆ ಕೂಗಿದಳು.

"ಸಿದ್ರಾಮಣ್ಣಾ, ಮುನ್ಸಿಪಾಲ್ಟ್ಯಾವರು ಬಂದಾರ ನೋಡೊ."

ಶಾಮಲಾ ತಲೆ ಎತ್ತಿದಳು. ಮೇಲೆ ಏನೋ ಫಳಕ್ಕೆಂದು ಹೊಳೆಯುತ್ತಿದ್ದುದು ಹೊಳೆಯುವುದನ್ನು ನಿಲ್ಲಿಸಿತು. ಬಣ್ಣಬಣ್ಣದ ಚೂರು ಹೊಲಿದ ದೊಡ್ಡ ಕೌದಿಗಳನ್ನು ಯಾರೋ ಅವಸರದಲ್ಲಿ ಹರವುತ್ತಿದ್ದರು. ಹಾಸಿಗೆ ಒಣಹಾಕುತ್ತಿದ್ದಾರೆ ಅಂದುಕೊಂಡು ಅವಳು ಒಳಗೆ ನಡೆದಳು.

ಅಂಬವ್ವ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮೂಗಿನಲ್ಲಿ ನಳಿಗೆ, ಪಕ್ಕದಲ್ಲಿ ಗುಂಯ್ ಎನ್ನುವ ಮಷೀನು. ಬದುಕಿದ್ದಾಳೆ. ಶಾಮಲಾಗೆ ಕಣ್ಣು ಮಂಜಾಯಿತು. ಮರುಗಳಿಗೆಯೇ, ಇಡೀ ಗಲ್ಲಿಯಲ್ಲಿ ಕರೆಂಟು ಇಲ್ಲದಾಗ ಈ ಮಷೀನು ಹೇಗೆ ನಡೆಯುತ್ತಿದೆ ಎಂದು ನೋಡಿದಳು. ಮಷೀನಿನ ವೈರು ಒಂದು ಹಳೆಯ ಬಸ್ ಬ್ಯಾಟರಿಯ ಹತ್ತಿರ ಹೋಗಿ, ಅಲ್ಲಿಂದ ಗೋಡೆ ಹಿಡಿದು ಮೆಟ್ಟಿಲು ಹತ್ತಿತ್ತು.

ಅದೇ ಮೆಟ್ಟಿಲಿನಿಂದ ಸಿದ್ದರಾಮಪ್ಪ ಇಳಿದು ಬಂದ. ತಾರಸಿಯ ಕಬ್ಬಿಣದ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಧೋತರದ ಮಡಿಕೆಗೆ ಸಿಕ್ಕಿಸಿದ. ಬೆವರಿನಲ್ಲಿ ಮಿಂದಿದ್ದ.

"ಸಿದ್ರಾಮಪ್ಪನವರ," ಎಂದಳು ಶಾಮಲಾ, ಮೊದಲ ಸಲ ಕನ್ನಡದಲ್ಲಿ. "ನೀವು ತಿರುಗಿ ಬರಲಿಲ್ಲ, ಅದಕ್ಕ ಬಂದೀನಿ. ಇವರು ಹೆಂಗಿದ್ದಾರಂತ ನೋಡಿ ಹೋಗಬೇಕಂತ."

"ಏಂ ಕಾವಾಲಿ ಮೇಡಂ?" ಎಂದ ಅವನು. ಏನು ಬೇಕು ಎಂದು, ತೆಲುಗಿನಲ್ಲಿ.

ಮಷೀನಿನ ದನಿ ಕುಗ್ಗಿತು. ಒಂದು ಸಲ ಬೀಪ್ ಅಂದಿತು. ಎರಡನೆಯ ಸಲ ಅಂದಿತು. ಅಂಬವ್ವನ ಭುಜ ಮೇಲೆದ್ದು ಇಳಿಯತೊಡಗಿತು. ಆಗ ಶಾಮಲಾಗೆ ಅರ್ಥವಾಯಿತು. ಆ ಕೌದಿಗಳು ಬಿಸಿಲಿಗೆ ಒಣಗಲಿ ಎಂದು ಹಾಕಿದವಲ್ಲ. ಪರವಾನಗಿ ಇಲ್ಲದೆ ಕೂರಿಸಿದ ಪ್ಲೇಟುಗಳನ್ನು ಮುಚ್ಚಲು ಹಾಕಿದವು. ಮುಚ್ಚಿದ್ದು ತನ್ನ ಕಣ್ಣಿಗೆ ಬೀಳಬಾರದೆಂದು. ಆ ಹಳೆಯ ಬ್ಯಾಟರಿಗೆ ಬಿಸಿಲಿಲ್ಲದೆ ನಾಲ್ಕು ನಿಮಿಷ ತಡೆಯುವ ಶಕ್ತಿಯೂ ಇರಲಿಲ್ಲ.

"ಕೌದಿ ತಗೀರಿ," ಎಂದಳು. "ನಾ ಏನೂ ಬರಿಯೂದಿಲ್ಲ. ನನ್ನ ಮಾತು ನಂಬ್ರಿ, ಮೊದಲ ತಗೀರಿ."

"ಪೈನ ಏಮೀ ಲೇದು ಮೇಡಂ." ಮೇಲೆ ಏನೂ ಇಲ್ಲ. ಅವನ ಕೈ ಕೀಲಿಯ ಮೇಲಿತ್ತು, ಕಣ್ಣು ಹೆಂಡತಿಯ ಮೇಲಿತ್ತು. "ಏಮೀ ಲೇದು," ಎಂದ ಮತ್ತೆ.

"ಕೀಲಿ ನನಗ ಕೊಡ್ರಿ, ನಾನ ತಗೀತೀನಿ."

ಅವನು ಹಿಂದೆ ಸರಿದು ಮೆಟ್ಟಿಲಿಗೆ ಅಡ್ಡವಾಗಿ ನಿಂತ. ನಂಬುವುದಾದರೂ ಯಾವ ಬಾಯನ್ನು ನಂಬಬೇಕು? ಮೂರು ಸಲ ಕೈ ಮುಗಿದಾಗ ರೂಲು ಹೇಳಿದ ಬಾಯಿ ಇದು. ಶಾಮಲಾಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಂಬವ್ವ ಕೈ ಚಾಚಿ ಅವಳ ಸೆರಗು ಹಿಡಿದಳು.

"ತಂಗೀ," ಎಂದಳು, ಒಂದೊಂದು ಮಾತಿಗೂ ನಿಂತು. "ನೀ ಹೋಗವ್ವ. ನೀ ಹೊಂಟ್ರ ಅವರು ತಗೀತಾರ."

ಶಾಮಲಾ ಕಾಲಿಗೆ ಬುದ್ಧಿ ಹೇಳಿದಳು. ನಲವತ್ತೇಳು ವಯಸ್ಸಿನ, ಮಂಡಿ ನೋವಿನ ಹೆಂಗಸು ಆ ಉರಿಬಿಸಿಲಿನಲ್ಲಿ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಓಡಿದಳು. ಗುರುಬಾಯಿ ಬಾಯಿ ತೆರೆದು ನೋಡಿದಳು. ಗಲ್ಲಿಯ ತಿರುವು ದಾಟಿ ಗೋಡೆಯ ಹಿಂದೆ ನಿಂತು, ಕಾಲು ಸುಡುತ್ತಿದ್ದರೂ ಅಲ್ಲಾಡದೆ, ಇಷ್ಟೇ ಇಷ್ಟು ಇಣುಕಿದಳು. ಸಿದ್ದರಾಮಪ್ಪ ತಾರಸಿಯ ಮೇಲೆ ನಿಂತು ಅವಳು ಹೋದ ದಿಕ್ಕನ್ನು ನೋಡುತ್ತಿದ್ದ. ಅವಳು ತಲೆ ಹಿಂದಕ್ಕೆಳೆದುಕೊಂಡಳು. ಇಪ್ಪತ್ತರವರೆಗೆ ಎಣಿಸಿ ಮತ್ತೆ ನೋಡಿದಾಗ ಎದುರುಗೋಡೆಯ ಮೇಲೆ ಪ್ಲೇಟಿನ ಹೊಳಪು ಬಿದ್ದಿತ್ತು. ಅವಳು ಅಲ್ಲೇ ಕುಸಿದು ಕೂತು ಅತ್ತಳು.

ಆಫೀಸಿಗೆ ಬರಿಗಾಲಲ್ಲಿ ಬಂದು, ಯಾರ ಜೊತೆಯೂ ಮಾತಾಡದೆ ಫೈಲು ಎಳೆದುಕೊಂಡಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದಳು. ಹದಿಮೂರು ಕಾಗದಗಳಲ್ಲಿ ಏಳು ಆಗಲೇ ಇದ್ದವು. ನಾಲ್ಕು ಹೊಸ ಅಂತಸ್ತು ಕಟ್ಟುವವರಿಗೆ ಮಾತ್ರ ಬೇಕಾದವು, ಸೋಲಾರಿಗೆ ಸಂಬಂಧವೇ ಇಲ್ಲ. ಉಳಿದದ್ದು ಎರಡು. ಪಕ್ಕದ ಮನೆಯವರ ಒಪ್ಪಿಗೆ ಒಂದು, ವಿದ್ಯುತ್ ಇಲಾಖೆಯ ಚೀಟಿ ಒಂದು. ಈ ಎರಡು ತಂದರೆ ಪರವಾನಗಿ ಕೊಡಲಾಗುವುದು, ಮುಂದೆ ಬೇರೆ ಏನನ್ನೂ ಕೇಳುವುದಿಲ್ಲ ಎಂದು ಬರೆದಳು. ಗಡಿಯಾರ ನೋಡಿದಳು. ಎಲ್ಲ ಸೇರಿ ಹನ್ನೆರಡು ನಿಮಿಷ ಹಿಡಿದಿತ್ತು. ಜನವರಿಯಲ್ಲೂ ಅಷ್ಟೇ ಹಿಡಿಯುತ್ತಿತ್ತು.

ಸೂಪರಿಂಟೆಂಡೆಂಟ್ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಹೀಗೆಲ್ಲ ಬರೆದುಕೊಟ್ಟರೆ ಹೇಗಮ್ಮಾ? ಏನಾದರೂ ಬಿಟ್ಟುಹೋಗಿದ್ದರೆ?"

"ನನ್ನ ಹೆಸರು ಕೆಳಗಿದೆ ಸರ್," ಎಂದಳು ಶಾಮಲಾ.

ಪತ್ರವನ್ನು ತಾನೇ ಕೊಂಡೊಯ್ದು ಕೊಡುವಂತಿರಲಿಲ್ಲ. ತಾನು ಆ ಗಲ್ಲಿಗೆ ಕಾಲಿಟ್ಟರೆ ಕೌದಿ ಮತ್ತೆ ಪ್ಲೇಟಿನ ಮೇಲೆ ಬೀಳುತ್ತದೆ. ಮಲ್ಲಣ್ಣನನ್ನು ಕಳಿಸಿದರೂ ಅದೇ ಕಥೆ. ಮೂರು ಗಲ್ಲಿಯಾಚೆಯ ಮನೆಗೆ ರಿಜಿಸ್ಟರ್ ಪೋಸ್ಟು ಮಾಡಬೇಕಾಯಿತು.

ಕವರಿಗೆ ಹಾಕುವ ಮೊದಲು ಪತ್ರವನ್ನು ಮತ್ತೆ ಟೇಬಲ್ಲಿನ ಮೇಲೆ ಇಟ್ಟಳು. ತೆಲುಗಿನಲ್ಲಿ ಬರೆದ ಪತ್ರ, ಕೆಳಗೆ ಅವಳ ಸಹಿ, ಅದರ ಕೆಳಗೆ ಎರಡು ಬೆರಳಿನಷ್ಟು ಜಾಗ. ತಾಯಿ ಸ್ಲೇಟಿನ ಮೇಲೆ ತಿದ್ದಿಸಿದ ಕನ್ನಡ ಅಕ್ಷರ, ಎಷ್ಟೋ ವರ್ಷದಿಂದ ಬರೆದಿರಲಿಲ್ಲ. ತೆಲುಗು ಬಲ್ಲವನು ಸ್ವಲ್ಪ ಕಷ್ಟಪಟ್ಟರೆ ಓದಿಯೇಬಿಡಬಹುದಾದ ಅಕ್ಷರ. ಓದಿದರೆ, ಪರವಾನಗಿ ಇಲ್ಲದ ಪ್ಲೇಟು ಕಣ್ಣಾರೆ ಕಂಡೂ ಇವಳು ಸುಮ್ಮನಿದ್ದಳು ಎಂದು ಯಾರಿಗಾದರೂ ತಿಳಿಯುತ್ತದೆ. ಪಕ್ಕದ ಟೇಬಲ್ಲಿನವರು ನೋಡುತ್ತಿದ್ದರು. ನೋಡಲಿ ಎಂದುಕೊಂಡು, ಅವನಿಗೆ ಹೋಗುವ ಪ್ರತಿಯಲ್ಲೂ ಆಫೀಸಿನಲ್ಲಿ ಉಳಿಯುವ ಪ್ರತಿಯಲ್ಲೂ, ಎರಡರಲ್ಲೂ ಅದೇ ಒಂದು ಸಾಲು ಕನ್ನಡದಲ್ಲಿ ಬರೆದಳು.

ಪ್ಲೇಟಿನ ಮ್ಯಾಲ ಇನ್ನ ಕೌದಿ ಹಾಕಬ್ಯಾಡ್ರಿ.